ಭಿಕ್ಷುವಾಗಬೇಕಿದ್ದವನು

"ಅಮ್ಮಾ... ಸತ್ತೆ ನಾನು!"

ಧ್ಯಾನಮಂದಿರದ ನಿಶ್ಶಬ್ದದಲ್ಲಿ ಅವಳ ಬಾಯಿಂದ ಜಾರಿದ್ದು ಅದೊಂದೇ ಮಾತು. ಸುತ್ತ ಕಣ್ಣು ಮುಚ್ಚಿ ಕುಳಿತವರ ರೆಪ್ಪೆಗಳು ಅಲುಗಿದವು. ಯಾರೂ ಕಣ್ಣು ತೆರೆಯಲಿಲ್ಲ.

ಅವಳು ಎದ್ದೇಬಿಟ್ಟಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಯಾರದೋ ಚಾಪೆ ತುಳಿದು, ಯಾರದೋ ಮೊಣಕಾಲಿಗೆ ಎಡವಿ ಬಾಗಿಲ ಕಡೆ ನುಗ್ಗಿದಳು. ಅಲ್ಲಿ ಗಂಟೆಯ ಮುಂದೆ ಕುಳಿತಿದ್ದ ಬೋಳು ತಲೆಯ ಯುವಕ ಸದ್ದಿಲ್ಲದೆ ಬಾಗಿಲು ತೆರೆದ. ಅವಳ ಹಿಂದೆಯೇ ಹೊರಗೆ ಬಂದ.

"ಕೂತ್ಕೊಳ್ಳಿ. ಉಸಿರು ಎಳ್ಕೋಬೇಡಿ, ಮೊದ್ಲು ಬಿಡಿ... ಪೂರ್ತಿ ಬಿಡಿ."

ಅವಳು ಮೆಟ್ಟಿಲ ಮೇಲೆ ಕುಸಿದಳು. ಉಸಿರು ಬಿಟ್ಟಳು. ಮತ್ತೆ ಬಿಟ್ಟಳು. ಕಣ್ಣಿಗೆ ಕವಿದಿದ್ದ ಕತ್ತಲೆ ಸರಿದ ಮೇಲೆಯೇ ಹೊಳೆದದ್ದು... ಅರೆ, ಇವನು ಮಾತಾಡಿದ್ದು ನಮ್ಮ ಭಾಷೆಯಲ್ಲಿ!

"ನಿಮಗೆ... ನಮ್ಮ ಭಾಷೆ ಬರುತ್ತಾ?"

"ಹುಟ್ಟಿದಾಗಿಂದ ಬರುತ್ತೆ. ಆದ್ರೆ ಈ ದೇಶಕ್ಕೆ ಬಂದ್ಮೇಲೆ ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಇವತ್ತೇ. ಅದೂ ಏನು ಕೇಳಿದ್ದು? 'ಸತ್ತೆ' ಅಂತ!" ಅವನು ನಕ್ಕ. "ಸಾಯಲ್ಲ ಬಿಡಿ. ನಂಗೆ ಅಷ್ಟು ಗೊತ್ತಾಗುತ್ತೆ."

ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು.

ಭಿಕ್ಷುಗಳು ನಡೆಸುತ್ತಿದ್ದ ಆ ವಿಶ್ವವಿದ್ಯಾಲಯ ಎಷ್ಟು ಚಿಕ್ಕದೆಂದರೆ, ಹಾಸ್ಟೆಲಿನ ಈ ತುದಿಯಲ್ಲಿ ಸೀನಿದರೆ ಆ ತುದಿಯವರು ನೆಗಡಿಗೆ ಮದ್ದು ಹೇಳುತ್ತಿದ್ದರು. ಹಾಸಿಗೆ ಹಿಡಿದವರ, ಕೊನೆಯ ದಿನಗಳಲ್ಲಿರುವವರ ಪಕ್ಕ ಕುಳಿತು ಸಾಂತ್ವನ ನೀಡುವುದನ್ನು ಕಲಿಸುವ ಕೋರ್ಸ್ ಅಲ್ಲಿತ್ತು. ಅದಕ್ಕೆಂದೇ ಅವಳು ಸಮುದ್ರ ದಾಟಿ ಬಂದಿದ್ದಳು.

"ನೆಗಡಿ ಬಂದ್ರೂ ಅಳೋಳು ನೀನು. ಸಾಯೋರ ಹತ್ರ ಕೂತ್ಕೋತೀಯಾ ಗುಬ್ಬಿ?" ಎಂದಿದ್ದರು ಅಪ್ಪ.

ಅವಳು ಸೂಟ್‌ಕೇಸಿನ ಜಿಪ್ ಎಳೆದಿದ್ದಳು. ಕಾರಣ ಹೇಳುವುದಾದರೂ ಹೇಗೆ? ಸಾಕಿ ಬೆಳೆಸಿದ ಅಜ್ಜಿ ಆಸ್ಪತ್ರೆಯ ಕೋಣೆಯಲ್ಲಿ "ಗುಬ್ಬಿ ಎಲ್ಲಿ... ಗುಬ್ಬಿ ಬಂದ್ಲಾ..." ಎಂದು ಕನವರಿಸುತ್ತಿದ್ದಾಗ, ಅವಳು ಬಾಗಿಲ ಹೊರಗೇ ನಿಂತಿದ್ದಳು. ಭಯ! ಕಾಲು ಕಿತ್ತಿಡಲಾಗಲಿಲ್ಲ. ಅಮ್ಮ ಅಳುತ್ತ ಹೊರಗೆ ಬಂದಾಗ ಎಲ್ಲ ಮುಗಿದಿತ್ತು.

ಇಲ್ಲಿಗೆ ಬಂದರೆ ಭಯ ಹೋಗುತ್ತದೆ ಎಂದುಕೊಂಡಿದ್ದಳು. ಭಯ ಅವಳಿಗಿಂತ ಮೊದಲೇ ವಿಮಾನ ಹತ್ತಿ ಬಂದು ಕಾದು ಕುಳಿತಿತ್ತು!

ಆ ಬೆಳಗಿನ ನಂತರ ಗಂಟೆಯವನು ಅವಳ ದಿನಗಳೊಳಗೆ ಬಂದ. ಊಟದ ಮನೆಯಲ್ಲಿ ಪಾತ್ರೆ ತೊಳೆಯುವ ಸರದಿ ಇಬ್ಬರಿಗೂ ಒಟ್ಟಿಗೆ ಬೀಳುತ್ತಿತ್ತು. ಅವಳು ಉಜ್ಜುತ್ತಿದ್ದಳು, ಅವನು ಒರೆಸುತ್ತಿದ್ದ. ಪಾಠದಲ್ಲಿ ಅರ್ಥವಾಗದ್ದನ್ನು ಅವನು ಬಿಡಿಸಿ ಹೇಳುತ್ತಿದ್ದ. ಅವಳು ಊರಿನ ಸುದ್ದಿಗೆ ಉಪ್ಪುಕಾರ ಹಚ್ಚಿ ನಗಿಸುತ್ತಿದ್ದಳು. ತನ್ನ ಬಗ್ಗೆ ಮಾತ್ರ ಅವನು ಬಾಯಿ ಬಿಡುತ್ತಿರಲಿಲ್ಲ.

"ಇಲ್ಲಿಗೆ ಬರೋ ಮುಂಚೆ ಏನ್ ಮಾಡ್ತಿದ್ರಿ?"

"ನರ್ಸ್ ಆಗಿದ್ದೆ. ತುರ್ತು ವಾರ್ಡಲ್ಲಿ."

"ಮತ್ತೆ?"

"ಬಿಟ್ಟೆ." ಅವನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದ.

ಅವಳು ಮುಂದಿನ ತಟ್ಟೆಯನ್ನು ಅವನತ್ತ ಚಾಚಿದಳು. ಆ ಕೈಗಳನ್ನು ನೋಡುತ್ತಿದ್ದಂತೆ ಅವಳ ಎದೆಯಲ್ಲಿ ಏನೋ ಮೆತ್ತಗಾಯಿತು. ಪಾತ್ರೆ ತೊಳೆಯುವ ಸರದಿಗೆ ಯಾರಾದರೂ ಹೀಗೆ ಕಾಯುತ್ತಾರಾ?

ಒಂದು ಸಂಜೆ ರೂಮ್‌ಮೇಟ್ ಬಾಂಬ್ ಹಾಕಿದಳು. ಹಾಸ್ಟೆಲಿನ ಸುದ್ದಿಯೆಲ್ಲ ಬಿತ್ತರಿಸುತ್ತಿದ್ದ ಈ ರೂಮ್‌ಮೇಟನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು.

"ನಿನ್ನ ಗಂಟೆಯವನು ಭಿಕ್ಷು ಆಗ್ತಾನಂತೆ, ಗೊತ್ತಾ? ನಮ್ಮ ಕೋರ್ಸಿನ ಗುರುಮಾ ಹತ್ರ ಕಾಷಾಯ ಕೇಳಿದ್ದಾನಂತೆ. ಮತ್ತೆ, ಆ ತಲೆ ಸುಮ್ನೆ ಬೋಳಿಸಿರೋದಾ?"

ಅವಳು ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಹಾಸಿಗೆಯ ಮೇಲೆ ಹಾಕಿದಳು.

'ಸನ್ಯಾಸದ ದಾರಿ ಹಿಡಿದಿರೋನ ಮೇಲೆ ನಾನು ಮನಸ್ಸು ಇಟ್ಟೆನಾ? ಛೇ... ನಾನೆಂಥವಳು!'

ಮರುದಿನ ಪಾತ್ರೆ ತೊಳೆಯುವಾಗ ಅವನು ಏನೋ ಹೇಳಲು ಹೊರಟ. "ನಿಮ್ಮ ಹತ್ರ ಒಂದು ವಿಷ್ಯ..."

ಕೇಳಿಬಿಟ್ಟರೆ ತಡೆದುಕೊಳ್ಳಲಾರೆ ಎನಿಸಿತು ಅವಳಿಗೆ. ನಡುವೆ ಬಾಯಿ ಹಾಕಿದಳು. "ನಂಗೆ ಮನೇಲಿ ಹುಡುಗನ್ನ ನೋಡಿದ್ದಾರೆ. ರಜೆಗೆ ಹೋದಾಗ ಮದುವೆ!"

ಅವನ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಓ... ಒಳ್ಳೇದಾಯ್ತು," ಎಂದಷ್ಟೇ ಹೇಳಿದ.

ಆಮೇಲೆ ಅವನು ತನ್ನ ಸರದಿ ಬದಲಾಯಿಸಿಕೊಂಡ. ಎದುರು ಸಿಕ್ಕರೆ ತಲೆಬಾಗುತ್ತಿದ್ದ, ಅಷ್ಟೇ. ಸುಳ್ಳನ್ನು ನುಂಗಲೂ ಆಗದೆ ಉಗುಳಲೂ ಆಗದೆ ಅವಳು ಒಳಗೊಳಗೇ ಬೆಂದಳು.

ಅತ್ತ ವೃದ್ಧರ ಆರೈಕೆ ಮನೆಯಲ್ಲಿ ಅವಳ ತರಬೇತಿ ಶುರುವಾಗಿತ್ತು. ಅವಳಿಗೆ ಒಪ್ಪಿಸಿದ್ದು ಒಬ್ಬ ಮುದುಕಿಯನ್ನು. ಆಕೆ ಜೀವಮಾನವಿಡೀ ಬಟ್ಟೆ ಹೊಲಿದ ದರ್ಜಿ. ಹಿಂದೆ ಮುಂದೆ ಯಾರೂ ಇಲ್ಲ. ಪ್ರತಿ ಸಲ ಅವಳು ಬಸ್ಸಿಳಿದು, ಕಾರಿಡಾರ್ ದಾಟಿ, ಆ ಬಾಗಿಲವರೆಗೆ ಹೋಗುತ್ತಿದ್ದಳು. ಅಲ್ಲಿಗೆ ಕಾಲು ಕಲ್ಲು! ಹೊಸ್ತಿಲಿನಿಂದಲೇ ಕೈಯಾಡಿಸಿ, ಏನೋ ತೊದಲಿ ವಾಪಸಾಗುತ್ತಿದ್ದಳು.

ಗುರುಮಾ ಕರೆಸಿದರು. ಅವರು ಆ ಕೋರ್ಸಿನ ಮುಖ್ಯಸ್ಥೆ, ವಯಸ್ಸಾದ ಭಿಕ್ಷುಣಿ.

"ಈ ತರಬೇತಿ ಮುಗಿಸದೇ ಇದ್ರೆ ನಿನ್ನ ಸೀಟು ಉಳಿಸೋಕೆ ನನ್ನಿಂದಾಗಲ್ಲ ಮಗಳೇ. ಸೀಟು ಹೋದ್ರೆ ವೀಸಾನೂ ಹೋಗುತ್ತೆ."

"ಭಯ ಹೋಗ್ತಾನೇ ಇಲ್ಲ ಗುರುಮಾ..."

"ಹೋಗ್ಬೇಕು ಅಂತ ಯಾರು ಹೇಳಿದ್ದು? ಜೊತೇಲೇ ಕರ್ಕೊಂಡು ಹೋಗು. ಅದಕ್ಕೂ ಪಕ್ಕದಲ್ಲಿ ಒಂದು ಕುರ್ಚಿ ಹಾಕು."

ಅವಳ ಕಣ್ಣು ತುಂಬಿತು. ಆ ಗುಂಗಿನಲ್ಲೇ ಒಳಗಿದ್ದದ್ದೂ ಹೊರಬಂತು. "ಗುರುಮಾ... ಒಳ್ಳೇ ದಾರೀಲಿ ಹೋಗ್ತಿರೋರಿಗೆ ಅಡ್ಡ ಬರೋದು ಪಾಪ ಅಲ್ವಾ?"

ಗುರುಮಾ ಅವಳನ್ನೇ ನೋಡಿದರು. ಸುಕ್ಕುಗಟ್ಟಿದ ಮುಖದಲ್ಲಿ ತುಂಟ ನಗು ಮೂಡಿತು. "ಯಾರ ದಾರಿ? ಗಂಟೆಯವನದಾ? ಅವನಿಗೆ ಕಾಷಾಯ ಕೊಡಲ್ಲ ಅಂತ ನೀನು ಇಲ್ಲಿಗೆ ಬರೋಕೆ ಮುಂಚೆನೇ ಹೇಳಿದ್ದೀನಲ್ಲ!"

"ಆಂ?!"

"ಕಾಷಾಯ ಅಂದ್ರೆ ಮುಸುಕೆಳ್ಕೊಂಡು ಮಲಗೋ ಹೊದಿಕೆ ಅಲ್ಲ. ಯಾವುದಕ್ಕೆ ಹೆದರಿ ಓಡಿ ಬಂದಿದ್ದೀಯೋ ಅದನ್ನ ಹೋಗಿ ನೋಡು ಅಂದೆ. ಉಳಿದಿದ್ದು ಅವನನ್ನೇ ಕೇಳು."

ಅವಳು ಓಡಿದಳು. ಧ್ಯಾನಮಂದಿರದಲ್ಲಿ ಬೇರೆ ಯಾರೋ ಗಂಟೆ ಒರೆಸುತ್ತಿದ್ದರು. ಊಟದ ಮನೆಯಲ್ಲಿ ಅವನಿಲ್ಲ. ಅವನ ಕೋಣೆಗೆ ಬೀಗ. ಫೋನ್ ಸ್ವಿಚ್ ಆಫ್!

"ಈಗೀಗ ಕಾಣ್ತಾನೇ ಇಲ್ಲ ಅವನು," ಎಂದಳು ರೇಡಿಯೋ. "ಊರಿಗೆ ಹೋಗೇಬಿಟ್ನೋ ಏನೋ."

'ಹೋದನಾ? ನನ್ನ ಸುಳ್ಳು ನಂಬ್ಕೊಂಡೇ ಹೋದನಾ?'

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಆರೈಕೆ ಮನೆಯಿಂದ.

"ದರ್ಜಿಯಮ್ಮನ ಸ್ಥಿತಿ ಚೆನ್ನಾಗಿಲ್ಲ. ಬರೋದಾದ್ರೆ ಈಗಲೇ ಬನ್ನಿ."

ಬಸ್ಸಿನಲ್ಲಿ ಕುಳಿತವಳಿಗೆ ಕಿಟಕಿಯಾಚೆಯ ಬೀದಿ ಕಾಣಲಿಲ್ಲ. ಅಜ್ಜಿಯ ಕೋಣೆಯ ಬಾಗಿಲೇ ಕಾಣುತ್ತಿತ್ತು. ಎರಡು ಸಲ ಇಳಿದುಬಿಡೋಣವೆಂದು ಎದ್ದಳು. ಎರಡು ಸಲವೂ ಕುಳಿತಳು.

ಕಾರಿಡಾರ್. ಬಾಗಿಲು. ಮತ್ತೆ ಕಾಲು ಕಲ್ಲು!

ಒಳಗಿನಿಂದ ನೀಲಿ ಸಮವಸ್ತ್ರದ ನರ್ಸ್ ಒಬ್ಬ ಹೊರಗೆ ಬಂದ. ತಲೆಯ ಮೇಲೆ ಈಗಷ್ಟೇ ಚಿಗುರಿದ ಕೂದಲು.

"ನೀವು... ನೀವು ಇಲ್ಲಿ?!"

"ಮೊನ್ನೆಯಷ್ಟೇ ಇಲ್ಲಿ ಕೆಲಸಕ್ಕೆ ಸೇರ್ಕೊಂಡೆ." ಅವನ ದನಿ ಮೆತ್ತಗಿತ್ತು. "ಆಮೇಲೆ ಹೇಳ್ತೀನಿ. ಅವರು ನಿಮ್ಮನ್ನೇ ಕೇಳ್ತಿದ್ದಾರೆ. 'ಆ ಹೆದರುಪುಕ್ಕಲಿ ಎಲ್ಲಿ' ಅಂತ."

'ಗುಬ್ಬಿ ಎಲ್ಲಿ...'

ಅವಳು ಉಸಿರನ್ನು ಪೂರ್ತಿ ಹೊರಗೆ ಬಿಟ್ಟಳು. ಹೊಸ್ತಿಲು ದಾಟಿದಳು.

ದರ್ಜಿಯಮ್ಮ ಹಾಸಿಗೆಯಲ್ಲಿ ಇದ್ದೂ ಇಲ್ಲದಷ್ಟು ತೆಳ್ಳಗಾಗಿದ್ದರು. ಅವಳು ಕುರ್ಚಿ ಎಳೆದುಕೊಂಡು ಆ ಒಣಗಿದ ಕೈ ಹಿಡಿದಳು. ಪಾಠದಲ್ಲಿ ಕಲಿತ ಸಾಂತ್ವನದ ಮಾತೆಲ್ಲ ಮರೆತುಹೋಗಿತ್ತು.

"ನಂಗೆ ಭಯ ಆಗ್ತಿದೆ ಅಮ್ಮಾ," ಎಂದುಬಿಟ್ಟಳು ಅಲ್ಲಿಯ ಭಾಷೆಯಲ್ಲಿ, ಹರುಕುಮುರುಕಾಗಿ.

ಮುದುಕಿ ಕಷ್ಟಪಟ್ಟು ಕಣ್ಣು ತೆರೆದರು. "ನಂಗೂ..."

"ಹಾಗಾದ್ರೆ... ಇಬ್ಬರೂ ಒಟ್ಟಿಗೆ ಹೆದರೋಣ."

ದರ್ಜಿಯಮ್ಮ ನಕ್ಕಂತಿತ್ತು. ಅವರ ಬೆರಳು ಅವಳ ಅಂಗಿಯ ತೋಳಿನ ಅಂಚಿನಲ್ಲಿ ತಡಕಾಡಿತು. "ಹೊಲಿಗೆ ಬಿಟ್ಟಿದೆ... ಯಾವನು ಹೊಲಿದ ಇದನ್ನ..."

ಅದೇ ಅವರ ಕೊನೆಯ ಮಾತು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯುವವರೆಗೂ ಅವಳು ಕುಳಿತೇ ಇದ್ದಳು. ಅಜ್ಜಿಯ ಕತೆ ಹೇಳಿದಳು, ಅಪ್ಪನ ಕೋಪದ ಕತೆ ಹೇಳಿದಳು, ತನ್ನದೇ ಭಾಷೆಯಲ್ಲಿ. ಅವನು ಬಂದು ತುಟಿಗೆ ಹನಿ ನೀರು ಸವರಿ ಹೋಗುತ್ತಿದ್ದ. ಮುದುಕಿಯ ಉಸಿರು ನಿಧಾನವಾಯಿತು. ಇನ್ನೂ ನಿಧಾನ. ಮತ್ತೆ ಬರಲಿಲ್ಲ.

ಅವಳು ಓಡಲಿಲ್ಲ. ಆ ಕೈಯನ್ನು ಎದೆಗೊತ್ತಿಕೊಂಡು, ಅಜ್ಜಿಗೂ ಸೇರಿಸಿ ಅತ್ತಳು.

ಹಿತ್ತಲಿನಲ್ಲಿ ಒಗೆದ ಹಾಸಿಗೆ ಬಟ್ಟೆಗಳು ಒಣಗುತ್ತಿದ್ದವು. ಮುಖ ತೊಳೆದು ಅವಳು ಅಲ್ಲಿ ನಿಂತಿದ್ದಾಗ ಅವನು ಬಂದ.

"ಊರಿನ ಆ ತುರ್ತು ವಾರ್ಡಲ್ಲಿ ಒಂದೇ ದಿನ ತುಂಬಾ ಜನ ಹೋದ್ರು," ಎಂದ, ಅವಳು ಕೇಳದೆಯೇ. "ಆಮೇಲೆ ನನ್ನ ಕೈ ನಡುಗೋದು ನಿಲ್ಲಲೇ ಇಲ್ಲ. ಅದಕ್ಕೇ ಓಡಿ ಬಂದು ಕಾಷಾಯ ಕೇಳ್ದೆ. ಗುರುಮಾ ಬೇಡ ಅಂದ್ರು. ನಾಚಿಕೆಗೆ ಯಾರಿಗೂ ಹೇಳಲಿಲ್ಲ, ಕೇಳ್ತಾ ಇದ್ರೆ ಕೊಡ್ತಾರೇನೋ ಅಂತ ತಲೆ ಬೋಳಿಸ್ತಾನೇ ಇದ್ದೆ."

"ಮತ್ತೆ ಈಗ?"

"ನೀವು ಒಳಗೆ ಹೋಗೋಕೆ ಆಗದೇ ಇದ್ರೂ ಪ್ರತಿ ಸಲ ಈ ಬಾಗಿಲವರೆಗೆ ಬರ್ತಿದ್ರಂತೆ. ಗುರುಮಾ ಹೇಳಿದ್ರು. ಇವರು ಬರ್ತಾರೆ, ನಾನು ಯಾಕೆ ಅಡಗಿ ಕೂತಿದ್ದೀನಿ ಅನ್ನಿಸ್ತು." ಅವನು ದೃಷ್ಟಿ ಕೆಳಗಿಳಿಸಿದ. "ಅವತ್ತು ಪಾತ್ರೆ ತೊಳೆಯುವಾಗ ಕಾಷಾಯದ ಕತೆ ಹೇಳ್ಬೇಕು ಅಂತಿದ್ದೆ. ಇನ್ನೊಂದು ಮಾತೂ ಇತ್ತು. ಇರಲಿ... ನಿಮ್ಮ ಮದುವೆಗೆ..."

"ಆ ಹುಡುಗ ಇಲ್ಲ!"

"ಯಾಕೆ? ಬೇಡ ಅಂದ್ನಾ?"

"ಹುಟ್ಟೇ ಇಲ್ಲ ಅವನು! ನಾನೇ ಹುಟ್ಟಿಸಿದ್ದು... ನಿಮ್ಮ ದಾರಿಗೆ ಅಡ್ಡ ಆಗಬಾರದು ಅಂತ..." ಮುಂದಿನ ಮಾತು ಅಳುವಿನಲ್ಲಿ ಮುಳುಗಿತು.

ಅವನು ಮೆಲ್ಲನೆ ಅವಳ ಕೈ ಹಿಡಿದ. ಅವನ ಬೆರಳುಗಳು ನಡುಗುತ್ತಿದ್ದವು. ಅವಳವೂ.

"ನಂಗೆ ನಾಳೆ ಮತ್ತೆ ಭಯ ಆಗುತ್ತೆ," ಎಂದಳು ಅವಳು. "ನಾಡಿದ್ದೂ ಆಗುತ್ತೆ. ಈಗಲೇ ಹೇಳಿಬಿಡ್ತೀನಿ."

"ಆಗಲಿ. ಆದಾಗೆಲ್ಲ ನೀನು ನನ್ನನ್ನ ಕರಿ."

ಅವಳು ತಲೆ ಎತ್ತಿದಳು. "ಏನಂದ್ರಿ? 'ನೀನು' ಅಂದ್ರಾ?"

"ತಪ್ಪಾಯ್ತಾ?"

"ಇಲ್ಲ... ಇನ್ನೊಂದ್ಸಲ ಅನ್ನಿ."

"ಊಹೂಂ. ಈಗ ನಿನ್ನ ಸರದಿ."

ಅವಳ ಕೆನ್ನೆ ಕೆಂಪಾಯಿತು. ತುಟಿ ಕಚ್ಚಿದಳು. ಕೊನೆಗೂ, ಉಸಿರಿನಷ್ಟೇ ಸಣ್ಣ ದನಿಯಲ್ಲಿ ಕೇಳಿದಳು, "ನೀನು... ಊಟ ಮಾಡಿದ್ಯಾ?"

"ಇಲ್ಲ," ಎಂದ ಅವನು, ಕಣ್ಣೀರಿನ ನಡುವೆ ನಗುತ್ತಾ. "ನಿನ್ನನ್ನೇ ಕಾಯ್ತಿದ್ದೆ."