ಮಾಲೆ ಬಿಟ್ಟು ಚಿತ್ರ ಒಯ್ದ ಕಳ್ಳ

ಡಿಸೆಂಬರ್ ಮೂರು, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ಚಿಕ್ಕೋಡಿ ಠಾಣೆಗೆ ಬಟ್ಟೆ ವ್ಯಾಪಾರಿ ಶೀತಲ್ ದೂರು ತಂದ. ಎರಡು ದಿನ ಪರವೂರಿಗೆ ಹೋಗಿ ಬರುವಷ್ಟರಲ್ಲಿ ಪಡಸಾಲೆಯಲ್ಲಿದ್ದ ಹೆಂಡತಿ ಕೋಮಲಳ ತೈಲಚಿತ್ರ ಮಾಯವಾಗಿತ್ತು. ದೊಡ್ಡ ಮನೆತನದ ಹೆಂಗಸರನ್ನಷ್ಟೇ ಬರೆಯುವ ನಿಪ್ಪಾಣಿಯ ಕಲಾವಿದ ಸಂಗ್ರಾಮ ಮದುವೆಯ ವರ್ಷ ಬರೆದುಕೊಟ್ಟದ್ದು. ಪೈಠಣಿ ಸೀರೆ, ಮುತ್ತಿನ ನತ್ತು, ತುಟಿಯಲ್ಲಿ ಅರ್ಧ ನಗು. ಇನ್ಸ್‌ಪೆಕ್ಟರ್ ಮಾಳಸಿದ್ದ ಎಫ್‌ಐಆರ್ ಬರೆಸಿ, ಮಹಿಳಾ ಪೇದೆ ಚನ್ನವ್ವನೊಂದಿಗೆ ಸ್ಥಳಕ್ಕೆ ಹೊರಟ.

ಬೀಗ ಒಡೆದಿರಲಿಲ್ಲ. ಕಪಾಟಿನ ಬೆಳ್ಳಿ ಸಾಮಾನು ಇದ್ದಲ್ಲೇ ಇತ್ತು. ಖಾಲಿ ಮೊಳೆಗೆ ಗಂಧದ ಮಾಲೆಯೊಂದು ನೇತಾಡುತ್ತಿತ್ತು. ಬೆಳ್ಳಿ ಬಿಟ್ಟು ಚಿತ್ರ ಕದಿಯುವ ಮಹಾರಾಯನನ್ನು ಮಾಳಸಿದ್ದ ಹದಿನೆಂಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಮಾಲೆಯನ್ನು ಜೋಪಾನವಾಗಿ ತೆಗೆದು ಮೊಳೆಗೇ ಹಾಕಿ ಹೋಗುವವನ ಸುದ್ದಿ ಕೇಳಿಯೂ ಇರಲಿಲ್ಲ.

“ಮನಿಯವ್ರು ತೀರಿಕೊಂಡು ಎಷ್ಟ ದಿನಾ ಆತ್ರಿ?”

“ತೀರಿಲ್ರಿ.” ಶೀತಲ್ ನೆಲ ನೋಡಿದ. “ಎರಡು ವರ್ಷದ ಹಿಂದ ಜೈನ ದೀಕ್ಷಾ ತಗೊಂಡ್ರು. ಈಗ ಮಾತಾಜಿ. ಸಂಸಾರಕ್ಕ ಇಲ್ದಂಗನ ಅಲ್ರಿ? ಅದಕ್ಕ ನಾನ ಮಾಲಿ ಹಾಕಿ, ದಿನಾ ಕುಂಕುಮ ಹಚ್ಚತಿದ್ದೆ.”

ಮಾಳಸಿದ್ದನಿಗೆ ಅಯ್ಯೋ ಅನ್ನಿಸಿತು. ಆದರೂ ಪಂಚನಾಮೆಯಲ್ಲಿ ಮಾಲೆಯ ಬಗ್ಗೆ ಎರಡು ಸಾಲು ಹೆಚ್ಚೇ ಬರೆಸಿದ.

ಮರುದಿನ ಹನ್ನೊಂದೂವರೆಗೆ ನಿಪ್ಪಾಣಿ. ಚಿತ್ರ ಮಾರಲು ಹೊರಟವನು ಬರೆದವನನ್ನೇ ಮೊದಲು ವಿಚಾರಿಸಿಯಾನು ಎಂಬುದು ಮಾಳಸಿದ್ದನ ಊಹೆ.

“ವಿಕ್ರಿ ಮಾತು ಯಾರೂ ಎತ್ತಿಲ್ರಿ,” ಎಂದ ಸಂಗ್ರಾಮ. “ಸೋಮವಾರ ಸಂಜಿಕೆ ಒಬ್ರು ಅವ್ವಾರು ಫೋನ್ ಮಾಡಿದ್ರು. ಬಣ್ಣದ ಮ್ಯಾಲ ಕುಂಕುಮ ಮೆತ್ತೈತಿ, ಮುಖ ಕೆಡದಂಗ ಹ್ಯಾಂಗ ಒರಸೂದು ಅಂದ್ರು.”

“ನೀವೇನಂದ್ರಿ?”

“ಉಜ್ಜಬ್ಯಾಡ್ರಿ, ನನ್ನ ಕಡೆ ತರ್ರಿ ಅಂದೆ. ಫೋನ್ ಇಟ್ಟಬಿಟ್ರು.”

ಸಂಗ್ರಾಮನ ಫೋನಿನಲ್ಲಿದ್ದ ಆ ನಂಬರು ಐನಾಪುರದ ಚಂದ್ರಮತಿಯದು. ಕೋಮಲಳ ತಾಯಿ. ಮಗಳು ಆ ಮನೆಯಲ್ಲಿದ್ದ ಕಾಲದ ಒಂದು ಕೀಲಿ ಅವಳ ಬಳಿಯೇ ಉಳಿದಿದೆಯೆಂದು ಶೀತಲ್ ಫೋನಿನಲ್ಲಿ ಒಪ್ಪಿಕೊಂಡ.

ಮಧ್ಯಾಹ್ನ ಮೂರಕ್ಕೆ ಐನಾಪುರ ಮುಟ್ಟಿದರು. ಚಿತ್ರ ನಡುಮನೆಯಲ್ಲಿ ಕೌದಿಯ ಮೇಲಿತ್ತು, ಪಕ್ಕದಲ್ಲಿ ಒಂದಿಷ್ಟು ಹತ್ತಿ. ಹಣೆಯ ಕೆಂಪು ಇನ್ನೂ ಪೂರ್ತಿ ಹೋಗಿರಲಿಲ್ಲ.

“ನೀವ ತಂದ್ರೇನ್ರಿ?”

“ಹೌದ್ರಿ.” ಚಂದ್ರಮತಿ ತಡವರಿಸಲಿಲ್ಲ.

“ಅಳಿಯಾನ್ನ ಕೇಳಬಹುದಿತ್ತಲ್ರಿ.”

“ಮಾಲಿ ತಗೀಪಾ ಅಂತ ಮೂರ್ ಸಲ ಕೇಳೀನ್ರಿ. ತಗೀಲಿಲ್ಲ. ನನ್ನ ಮಗಳು ಊರೂರು ನಡಕೋತ ಹೊಂಟಾಳ. ಇವತ್ತ ಯಾವ ಊರಾಗ ಆಕಿದು ಆಹಾರ ಆತು ಅಂತ ಬಸ್ತಿಯಾಗ ಕೇಳಿ, ಆಮ್ಯಾಲ ನಾ ಉಣ್ತೀನ್ರಿ. ಉಣ್ಣೂ ಮಗಳಿಗೆ ಮಾಲಿ ಹಾಕಿದ್ರ ಹೆತ್ತ ಕರಳ ತಡೀತೈತೇನ್ರಿ?”

ಮಾಳಸಿದ್ದ ಹೊರಗೆ ಬಂದು ಶೀತಲ್‌ಗೆ ಫೋನ್ ಮಾಡಿ, ರಾಜಿಯಾಗುವಿರಾ ಎಂದು ಕೇಳಿದ. “ನನಗೂ ಉಳದದ್ದು ಅದೊಂದ ಐತ್ರಿ,” ಎಂದ ಅವನು; ರಾಜಿಗೆ ಒಪ್ಪಲಿಲ್ಲ.

ಚಿತ್ರ ಜಪ್ತಾಯಿತು. ನಾಲ್ಕು ಹತ್ತಕ್ಕೆ, ಚನ್ನವ್ವನ ಸಮ್ಮುಖದಲ್ಲಿ, ಚಂದ್ರಮತಿಯ ಬಂಧನವಾಯಿತು. ಬಂಧನದ ಕಾಗದದಲ್ಲಿ ಒಂದು ಕಾಲಂ ಉಳಿದಿತ್ತು.

“ಸುದ್ದಿ ಯಾರಿಗೆ ಮುಟ್ಟಸೂಣ್ರಿ? ಹತ್ತರದವ್ರು ಯಾರದಾರ?”

“ಇರಾಕಿ ಮಗಳೊಬ್ಬಾಕಿನ,” ಎಂದಳು ಚಂದ್ರಮತಿ. “ಆದ್ರ ದೀಕ್ಷಾ ಆದ ಮ್ಯಾಲ ಆಕಿಗೆ ತಾಯಿ ಅಂಬೂದು ಇಲ್ರಿ.”

ಚನ್ನವ್ವ ಪೆನ್ನು ಹಿಡಿದು ಕಾಯುತ್ತಿದ್ದಳು. ಮಾಳಸಿದ್ದ ಪಕ್ಕದ ಮನೆಯ ರಾಮವ್ವನನ್ನು ಕರೆದು, ಅವಳ ಹೆಸರು ಬರೆಸಿದ.