ಕೊನೆಯ ಕಂಬದ ನಾಲ್ಕು ಸ್ಕ್ರೂ

ಇಪ್ಪತ್ತು ವರ್ಷ ಕಳೆದರೂ ಮಾವ ಅವನನ್ನು ‘ನೀವು’ ಎಂದೇ ಕರೆಯುತ್ತಿದ್ದರು. “ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ.” ನೋಡುವವರ ಕಣ್ಣಿಗೆ ಅದು ಮರ್ಯಾದೆ. ಆದರೆ ಮನೆಗೆ ಬಂದು ಎರಡು ವರ್ಷ ತುಂಬದ ಚಿಕ್ಕಳಿಯ ಆಗಲೇ ‘ಏನೋ, ಬಾರೋ’ ಆಗಿಬಿಟ್ಟಿದ್ದ. ಹೆತ್ತ ಮಗನನ್ನು ಕರೆಯುವ ಆ ಧಾಟಿ ಕಿವಿಗೆ ಬಿದ್ದಾಗಲೆಲ್ಲ ದೊಡ್ಡಳಿಯನಿಗೆ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು.

ದೊಡ್ಡಳಿಯ ಬೋಟು ರಿಪೇರಿಯ ಬಡಗಿ. ಮಾವನ ಪ್ರಯಾಣಿಕರ ಬೋಟಿನಲ್ಲಿ ಅವನ ಕೈ ಮುಟ್ಟದ ಹಲಗೆ ಒಂದೂ ಇರಲಿಲ್ಲ. ಪ್ರತಿ ಸಲ ಕೆಲಸ ಮುಗಿದ ಮೇಲೆ ಮಾವ ಕನ್ನಡಕ ಏರಿಸಿಕೊಂಡು ಬೋಟು ಹತ್ತುವರು. ಡೆಕ್ಕಿನ ಸುತ್ತಲಿನ ಕೈಕಂಬಿಯ ಒಂದೊಂದು ಕಂಬದ ಬುಡವನ್ನೂ ಹೆಬ್ಬೆರಳಿನಿಂದ ಸವರುವರು. ಆಮೇಲೆ “ಹೂಂ” ಎಂದು ಇಳಿದುಹೋಗುವರು. ಮುದುಕ ಹುಳುಕು ಹುಡುಕುತ್ತಾನೆ, ಸಿಗದಿದ್ದಾಗ ಹೂಂಗುಟ್ಟುತ್ತಾನೆ ಎಂದು ಅವನು ತೀರ್ಮಾನಿಸಿದ್ದ.

ಎರಡು ತಿಂಗಳ ಹಿಂದೆ ಮಾವನ ಮಂಡಿ ಸೋತಿತು. ಬೋಟಿನ ಕೀಲಿಕೈ ಹೋದದ್ದು ಚಿಕ್ಕಳಿಯನ ಜೇಬಿಗೆ, ಅಲ್ಲಿಯವರೆಗೆ ಬಟ್ಟೆ ಅಂಗಡಿಯಲ್ಲಿ ಮೀಟರು ಹಿಡಿದು ಅಳೆಯುತ್ತಿದ್ದವನ ಜೇಬಿಗೆ.

“ಅವನ ಹತ್ರ ಜನ ಸೇರ್ತಾರೆ, ನಿಮ್ಮ ಹತ್ರ ಮರ ಸೇರುತ್ತೆ ಅಳಿಯಂದ್ರೇ,” ಎಂದು ಮಾವ ನಕ್ಕರು. ಹೆಂಡತಿಯೂ ನಕ್ಕಳು. ಅವನೂ ನಕ್ಕ. ನಗದೆ ಏನು ಮಾಡುವುದು!

ಆ ಭಾನುವಾರ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಚಿಕ್ಕಳಿಯ ತುತ್ತು ಬಾಯಲ್ಲಿಟ್ಟುಕೊಂಡೇ ಶುರುಮಾಡಿದ.

“ಅಣ್ಣಾ, ನಿನ್ನ ಹೊಟ್ಟೆ ಮೇಲೆ ಹೊಡೆದುಬಿಟ್ಟೆ! ಕೈಕಂಬಿ ಅಲ್ಲಾಡ್ತಿತ್ತಲ್ಲ, ನಿನ್ನೆ ನಾನೇ ಬಿಚ್ಚಿ, ಹೊಸ ಸ್ಕ್ರೂ ಹಾಕಿ, ನೀರು ಇಳೀದ ಹಾಗೆ ಸೀಲೆಂಟ್ ಅಂಟು ಬಳಿದೆ. ಒಂಬತ್ತೂ ಕಂಬ! ಕೊನೇ ಕಂಬಕ್ಕೆ ಬರೋಷ್ಟರಲ್ಲಿ ಉದ್ದದ ಸ್ಕ್ರೂ ಸಾಲುತ್ತೋ ಇಲ್ವೋ ಅಂತ ಜೀವ ಬಾಯಿಗೆ ಬಂದಿತ್ತು.”

ಮಾವ ಎಡಗೈಯಿಂದ ಅವನ ಬೆನ್ನಿಗೆ ಗುದ್ದಿದರು. “ಭಲೇ ಕಣೋ!”

ಭಲೇ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತನ್ನ ಪಾಲಿಗೆ ಬಾರದ ಆ ಎರಡಕ್ಷರ, ಒಂದು ಶನಿವಾರದ ಅರೆಬರೆ ಕೆಲಸಕ್ಕೆ ಬಿದ್ದುಬಿಟ್ಟಿತು. ದೊಡ್ಡಳಿಯ ಲೋಟ ಎತ್ತಿಕೊಂಡ. ನೀರು ಕುಡಿದ. ಲೋಟ ಕೆಳಗಿಡುವಷ್ಟರಲ್ಲಿ ಉಪಾಯ ತಲೆಯಲ್ಲಿ ಸಿದ್ಧವಾಗಿತ್ತು.

ಚಿಕ್ಕಳಿಯ ತಾನೇ ಎಲ್ಲರೆದುರು ಸಾಕ್ಷಿ ನುಡಿದಿದ್ದ. ಉದ್ದದ ಸ್ಕ್ರೂ ಸಾಲದೆ, ಕೊನೆಯ ಕಂಬಕ್ಕೆ ಕೈಗೆ ಸಿಕ್ಕ ಮೋಟು ಸ್ಕ್ರೂ ಹಾಕಿ ಕೈತೊಳೆದುಕೊಂಡ ಎಂದರೆ ಯಾರು ನಂಬುವುದಿಲ್ಲ? ಆ ಕೊನೆಯ ಕಂಬದ ಆಚೆ ಹತ್ತಿಳಿಯುವ ಜಾಗ. ಕಂಬಿ ಅಲ್ಲಿಗೇ ಮುಗಿಯುತ್ತದೆ. ಬುಡ ಕಿತ್ತರೆ ಅದರ ತುದಿ ನೀರಿನ ಕಡೆ ತೆರೆದುಕೊಳ್ಳುತ್ತದೆ. ಪ್ರತಿದಿನ ಬೆಳಗ್ಗೆ ಚಿಕ್ಕಳಿಯ ಒಬ್ಬನೇ ಬೋಟನ್ನು ಲಂಗರಿನ ಜಾಗದಿಂದ ಜೆಟ್ಟಿಗೆ ತರುತ್ತಾನೆ. ನಡುದಾರಿಯಲ್ಲಿ ಚುಕ್ಕಾಣಿಗೆ ಹಗ್ಗ ಬಿಗಿದು ಹಿಂದಕ್ಕೆ ಬಂದು, ಅದೇ ಕಂಬಿಗೆ ಸೊಂಟ ಆನಿಸಿ ಹೊರಕ್ಕೆ ಬಾಗಿ, ಇಂಜಿನ್ನು ತಂಪಾಗಿಸಿದ ನೀರು ಹೊರಗೆ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡುತ್ತಾನೆ. ಕಾಲಲ್ಲಿ ಮೊಣಕಾಲುದ್ದದ ಗಂಬೂಟು. ಈಜು ಅಷ್ಟಕ್ಕಷ್ಟೇ. ಬೋಟಿನಲ್ಲಿ ಪ್ರಯಾಣಿಕರಿರುವುದಿಲ್ಲ. ಬೇರೆ ಯಾರಿಗೂ ತೊಂದರೆಯಾಗಬಾರದು, ತಾನೇನು ಕಟುಕನಲ್ಲ ಎಂದು ದೊಡ್ಡಳಿಯ ತನ್ನನ್ನು ತಾನೇ ಮೆಚ್ಚಿಕೊಂಡ.

ಊಟವಾಗಿ ಎಲ್ಲರೂ ಅಲ್ಲಲ್ಲೇ ಅಡ್ಡಾದರು. ಹಲ್ಲುನೋವಿನ ಮಾತ್ರೆ ತರುತ್ತೇನೆಂದು ಅವನು ಹೊರಟ. ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಂಡು ಚೀಟಿಯನ್ನೂ ಕೇಳಿ ಪಡೆದ. ಕೈಗೆ ರಬ್ಬರ್ ಗ್ಲೌಸು ತೊಟ್ಟು, ಚಿಕ್ಕ ದೋಣಿಯಲ್ಲಿ ಹೋಗಿ, ಭಾನುವಾರದ ರಜೆಗೆ ಲಂಗರಿನಲ್ಲಿದ್ದ ಬೋಟು ಹತ್ತಿದಾಗ ಜೆಟ್ಟಿಯ ಮೇಲೆ ಒಂದು ನಾಯಿ ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.

ಚಿಕ್ಕಳಿಯನ ಕೆಲಸ ನೋಡಿ ಅವನಿಗೆ ನಗು ಬಂತು. ಸೀಲೆಂಟು ಮಕ್ಕಳು ಉಂಡೆದ್ದ ತಟ್ಟೆಯ ಹಾಗೆ ಸುತ್ತೆಲ್ಲ ಮೆತ್ತಿಕೊಂಡಿತ್ತು. ಇದಕ್ಕೆ ಭಲೇ! ಅವನು ಕೊನೆಯ ಕಂಬದ ನಾಲ್ಕೂ ಉದ್ದ ಸ್ಕ್ರೂ ಬಿಚ್ಚಿ ನೀರಿಗೆ ಹಾಕಿದ. ಬುಡದ ಪ್ಲೇಟನ್ನು ಎತ್ತಿ, ಹಳೆಯ ಸೀಲೆಂಟನ್ನು ಕೆರೆದು ತೆಗೆದ. ಚಿಕ್ಕಳಿಯ ಬೋಟಿನಲ್ಲೇ ಬಿಟ್ಟಿದ್ದ ಸ್ಕ್ರೂ ಡಬ್ಬಿಯಿಂದ ಬಾಗಿಲ ಕೀಲಿಗೆ ಹಾಕುವ ಮೋಟು ಸ್ಕ್ರೂ ನಾಲ್ಕು ಆರಿಸಿಕೊಂಡ. ಅವು ಮರವನ್ನು ಹಿಡಿಯುವುದು ಉಗುರಿನಷ್ಟು. ಒಂದು ಮಗು ಆತುಕೊಂಡರೆ ತಡೆದಾವು, ಆಳು ಬಾಗಿದರೆ ತಡೆಯಲಾರವು. ಪ್ಲೇಟಿನ ತೂತುಗಳಿಗೆ ಚಿಕ್ಕಳಿಯನದೇ ಟ್ಯೂಬಿನ ಸೀಲೆಂಟು ತುಂಬಿ, ಸ್ಕ್ರೂಗಳನ್ನು ಒಂದೊಂದಾಗಿ ಇಳಿಸಿದ. ಕಣ್ಣೆಲ್ಲ ಜೆಟ್ಟಿಯ ಮೇಲಿತ್ತು. ಕೊನೆಯ ಕಾಲು ಸುತ್ತನ್ನು ಕೈ ತನ್ನಷ್ಟಕ್ಕೆ ತಾನೇ ತಿರುಗಿಸಿತು.

ನಿಜಕ್ಕೂ ಕಷ್ಟವಾದದ್ದು ಕೆಲಸ ಕೆಡಿಸುವುದು. ಅಂಚಿನಲ್ಲಿ ಉಕ್ಕಿದ ಸೀಲೆಂಟನ್ನು ನೀಟಾಗಿ ಒರೆಸಲು ಬೆರಳು ಹಾತೊರೆಯುತ್ತಿತ್ತು. ಹಲ್ಲು ಕಚ್ಚಿಕೊಂಡು ಅಡ್ಡಾದಿಡ್ಡಿ ಬಳಿದ. ಪಕ್ಕದ ಕಂಬ ನೋಡಿ, ಇದಕ್ಕೂ ಅಷ್ಟೇ ಕೊಳಕು ಮೆತ್ತಿದ. ಎದ್ದು ನಿಂತು ನೋಡಿದ. ಒಂಬತ್ತು ಕಂಬವೂ ಒಬ್ಬ ದಡ್ಡನೇ ಮಾಡಿದ ಹಾಗೆ ಕಾಣುತ್ತಿತ್ತು. ನಾಳೆ ಬೆಳಗಿನೊಳಗೆ ಸೀಲೆಂಟು ಕಲ್ಲಾಗುತ್ತದೆ.

ಮನೆಗೆ ಬಂದಾಗ ಚಿಕ್ಕಳಿಯ ಎದ್ದು ಕೂತಿದ್ದ. “ಪಾಪ, ತುಂಬಾ ನೋವಾ ಅಣ್ಣಾ? ಲವಂಗ ಇಟ್ಕೋ,” ಎಂದು ತಾನೇ ಅಡುಗೆಮನೆಗೆ ಹೋಗಿ ತಂದುಕೊಟ್ಟ. ದೊಡ್ಡಳಿಯ ಅದನ್ನೂ ಅಗಿದ.

ಸೋಮವಾರ ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಆಳಿಲ್ಲದ ಬೋಟು ಮರಳುದಿಣ್ಣೆಗೆ ಹೋಗಿ ತಗುಲಿಕೊಂಡಿತ್ತು. ಕಂಬಿ ಹೊರಗೆ ಜೋತಾಡುತ್ತಿತ್ತು. ಚಿಕ್ಕಳಿಯ ಸಿಕ್ಕಿದ್ದು ಸಂಜೆಗೆ. ನಾದಿನಿ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ದೊಡ್ಡಳಿಯನೂ ಅತ್ತ, ಆ ಅಳುವಿನಲ್ಲಿ ಅರ್ಧ ನಿಜವೇ ಇತ್ತು. ಜನ ಅವನು ಬರೆದುಕೊಟ್ಟ ಹಾಗೆ ಮಾತಾಡಿಕೊಂಡರು: “ಬಡಗಿ ಮನೆಯಲ್ಲೇ ಇದ್ದ, ಒಂದು ಮಾತು ಕೇಳಬಾರದಿತ್ತಾ?”

ಐದನೇ ದಿನ ಮಾವ ಹೇಳಿಕಳಿಸಿದರು. ಕೀಲಿಕೈಗೇ ಇರಬೇಕೆಂದು ಅವನು ಮಡಿಸಿಟ್ಟ ಅಂಗಿ ಹಾಕಿಕೊಂಡು ಹೋದ. ನಡುಮನೆಯಲ್ಲಿ ಪೊಲೀಸ್ ಅಧಿಕಾರಿ ಕೂತಿದ್ದರು. ಆಕಸ್ಮಿಕ ಸಾವೆಂದು ಬರೆದಾಗಿತ್ತು, ಮನೆಯವರ ರುಜು ಬೇಕಿತ್ತು. ಮೇಜಿನ ಮೇಲೆ ಕಿತ್ತುಬಂದ ಪ್ಲೇಟಿತ್ತು. ಗಟ್ಟಿಯಾದ ಸೀಲೆಂಟಿನಲ್ಲಿ ನಾಲ್ಕೂ ಮೋಟು ಸ್ಕ್ರೂ ಕೂದಲೆಳೆಯಷ್ಟೂ ಅಲುಗದೆ ಕಚ್ಚಿಕೊಂಡಿದ್ದವು.

“ನೋಡಿ, ಎಂಥ ಚಿಕ್ಕ ಸ್ಕ್ರೂ ಹಾಕಿದ್ದಾರೆ,” ಎಂದು ಅಧಿಕಾರಿ ನಿಟ್ಟುಸಿರಿಟ್ಟರು.

ಮಾವ ಪೆನ್ನು ಬದಿಗಿಟ್ಟರು. ಕನ್ನಡಕ ಏರಿಸಿಕೊಂಡು ಪ್ಲೇಟನ್ನು ಕೈಗೆತ್ತಿಕೊಂಡು, ಹಳೆಯ ಅಭ್ಯಾಸದಂತೆ ಹೆಬ್ಬೆರಳಿನಿಂದ ಸವರಿದರು. ಒಮ್ಮೆ ಸವರಿದರು, ಮತ್ತೊಮ್ಮೆ ಸವರಿದರು. ಬೆರಳು ನಿಂತಿತು. “ಉಳಿದ ಎಂಟು ಕಂಬ ನಿನ್ನೆ ಕುಂಟ್ಕೊಂಡೇ ಹೋಗಿ ಮುಟ್ಟಿ ನೋಡಿದೆ ಸಾರ್. ಸ್ಕ್ರೂ ತಲೆ ಮೇಲೆ ಗೀರು ಇರುತ್ತಲ್ಲ, ಅಲ್ಲಿ ಒಂದು ಆ ಕಡೆ, ಒಂದು ಈ ಕಡೆ. ಪಾಪ, ನನ್ನ ಹುಡುಗನಿಗೆ ಅಷ್ಟೇ ಗೊತ್ತಿದ್ದಿದ್ದು. ಇಲ್ನೋಡಿ, ನಾಲ್ಕು ಗೀರೂ ದಾರ ಹಿಡಿದ ಹಾಗೆ ಒಂದೇ ಸಾಲಲ್ಲಿವೆ. ಇಪ್ಪತ್ತು ವರ್ಷದಿಂದ ಪ್ರತಿ ರಿಪೇರಿಯಲ್ಲೂ ಇದನ್ನೇ ಮುಟ್ಟಿ ಮುಟ್ಟಿ ನೋಡಿ ಖುಷಿಪಟ್ಟಿದೀನಿ. ಈ ಜೆಟ್ಟಿಯಲ್ಲಿ ಇನ್ಯಾರೂ ಹೀಗೆ ಕೂರಿಸಲ್ಲ.” ಮಾವ ಮೆಲ್ಲಗೆ ತಲೆಯೆತ್ತಿ ದೊಡ್ಡಳಿಯನ ಮುಖ ನೋಡಿದರು. ಕಣ್ಣು ತುಂಬಿ ಹರಿಯುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಮಗನನ್ನು ಕೇಳುವ ಹಾಗೆ ಕೇಳಿದರು: “ಇದು ನಿನ್ನ ಕೈ ಅಲ್ವೇನೋ?”