ಜೋಡಿ ಕಲ್ಲಿನ ಖಾಲಿ ಜಾಗ

"ಏಯ್! ಕಾಲ ತೆಗೀರಿ ಅಲ್ಲಿಂದ!"

ಅಮೋಲ ಬೆಚ್ಚಿಬಿದ್ದು ಹಿಂದಕ್ಕೆ ಜಿಗಿದ. ವಳಸಂಗದ ಆ ಹೊಲದ ಮೂಲೆಯಲ್ಲಿ, ಬೇವಿನ ಮರದ ಕೆಳಗಿದ್ದ ಹಳೆಯ ಸಮಾಧಿ ಕಲ್ಲುಗಳ ಫೋಟೋ ತೆಗೆಯುವ ಹುಮ್ಮಸ್ಸಿನಲ್ಲಿ ಒಂದು ಹೊಸ ಕಲ್ಲಿನ ಮೇಲೆಯೇ ಕಾಲಿಟ್ಟುಬಿಟ್ಟಿದ್ದ.

ಎದುರಿಗೆ ತುಂಬಿದ ಕೊಡ ಹಿಡಿದ ಹೆಣ್ಣುಮಗಳು... ಕಣ್ಣಲ್ಲಿ ಕೆಂಡ!

"ಮಾಫ್ ಮಾಡ್ರಿ, ನೋಡಲಿಲ್ಲ. ಚಪ್ಪಲಿ ಮಾತ್ರ ಆ ಕಡೀನ ಬಿಟ್ಟ ಬಂದೀನ್ರಿ."

"ದೊಡ್ಡ ಉಪಕಾರ ಮಾಡೀರಿ!"

ಅವನು ಬಗ್ಗಿ ನೋಡಿದ. ಇಬ್ಬರಿಗಾಗುವಷ್ಟು ಅಗಲದ ಕಲ್ಲು. ಒಂದು ಬದಿಗೆ ಎರಡು ಪಾದ ಕೆತ್ತಿ, ಕೆಳಗೆ 'ಸ್ವಪ್ನಿಲ' ಎಂದು ಹೆಸರು ಹಾಕಿತ್ತು. ಇನ್ನೊಂದು ಬದಿ ನುಣ್ಣಗೆ, ಖಾಲಿ.

"ಈ ಖಾಲಿ ಜಾಗಾ ಯಾರದ್ರಿ?"

"ನಂದು."

ಅಮೋಲ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದ.

ಆ ಹೆಣ್ಣುಮಗಳು ಸಾರಿಕಾ. ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮದುವೆಯಾದ ಮರುವರ್ಷವೇ ಗಂಡ ಸ್ವಪ್ನಿಲ ಜ್ವರದಿಂದ ತೀರಿಕೊಂಡಿದ್ದ. ಆ ಮನೆಯವರು ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲದಲ್ಲೇ, ಧ್ಯಾನಕ್ಕೆ ಕೂತಂತೆ ಕೂರಿಸಿ ಮಣ್ಣು ಕೊಡುತ್ತಾರೆ. ಕಲ್ಲು ಕೂರಿಸಿದಾಗ ಅವಳು ಮಂಗಳವೇಢೆಯ ತವರಿನಲ್ಲಿದ್ದಳು. ಮರಳಿ ಬಂದಾಗ ಕಂಡದ್ದು ಆ ಖಾಲಿ ಅರ್ಧ. "ಅದು ನಿಂದ ಜಾಗಾ ನೋಡ" ಎಂದು ಓಣಿಯ ಹೆಂಗಸರೂ ಹೇಳಿದರು.

ಅವಳು ಅತ್ತೆಯನ್ನು ಕೇಳಲಿಲ್ಲ. ಕೇಳುವಂಥದ್ದೇನಿದೆ? ಅತ್ತೆ ದ್ರೌಪದಿಬಾಯಿ ಅವಳನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದರು. ಅಂಥವರು ಬಿಡಿಸಿಟ್ಟ ಜಾಗವನ್ನು ಬೇಡ ಅನ್ನುವುದು ಹೇಗೆ? ಪ್ರತಿ ಅಮಾವಾಸ್ಯೆಗೆ ಬಂದು ಗಂಡನ ಪಾದ ತೊಳೆದು, ತನ್ನ ಪಾಲಿನ ಕಲ್ಲನ್ನೂ ತೊಳೆದು ಹೋಗುತ್ತಿದ್ದಳು.

ಮುಂದಿನ ವಾರ ಅದೇ ಅಮೋಲ, ಊರಲ್ಲಿ ವಿಚಾರಿಸಿಕೊಂಡು, ಸಾರಿಕಾ ಕೆಲಸ ಮಾಡುವ ಸೊಲ್ಲಾಪುರದ ಕಣ್ಣಿನ ದವಾಖಾನೆಯಲ್ಲಿ ಪ್ರತ್ಯಕ್ಷನಾದ! ಕಣ್ಣು ನೆಟ್ಟಗಿದ್ದವನಿಗೆ ಅಲ್ಲೇನು ಕೆಲಸ? ಓದುಗರೇ, ನಿಮಗೆ ತಿಳಿಯದ್ದೇನಲ್ಲ ಬಿಡಿ.

"ಅವತ್ತ ಕಲ್ಲ ಕಾಣಲಿಲ್ಲಲ್ರಿ... ಅದಕ್ಕ ಕಣ್ಣ ತೋರಿಸಿ ಹೋಗೂಣಂತ ಬಂದೆ."

ಎಷ್ಟು ತಡೆದರೂ ಅವಳಿಗೆ ನಗು ಬಂದೇ ಬಂತು. ಹೀಗೆ ನಕ್ಕು ಎಷ್ಟು ಕಾಲವಾಗಿತ್ತು!

ಅಮೋಲನ ಮನೆಯವರದು ಸೊಲ್ಲಾಪುರದಲ್ಲಿ ಚಾದರದ ಅಂಗಡಿ. ರಜೆ ಸಿಕ್ಕರೆ ಸಾಕು, ಹಳೆಯ ಸ್ಮಶಾನಗಳನ್ನು ಹುಡುಕಿಕೊಂಡು ಹೊರಟುಬಿಡುತ್ತಿದ್ದ. "ಹೆಸರ ಅಳಸತಾವ್ರಿ, ಗುರುತ ಉಳೀತಾವ" ಅನ್ನುತ್ತಿದ್ದ. ಕೇಳುತ್ತ ಕೇಳುತ್ತ ಅವಳಿಗೂ ಆ ಹುಚ್ಚು ಹತ್ತಿತು. ಒಂದು ಭಾನುವಾರ ಇಬ್ಬರೂ ಅಕ್ಕಲಕೋಟೆಯ ಕಡೆ ಹೊರಟರು. ಊರಾಚೆಯ ಹಾಳು ಸಮಾಧಿಗಳ ನಡುವೆ ಅವನು ಒಂದೊಂದೇ ಕಲ್ಲು ತೋರಿಸುತ್ತ ಹೋದ.

"ಇಲ್ಲಿ ಸೂರ್ಯ, ಚಂದ್ರ. ಅವು ಇರೂತನಕ ಈ ಹೆಸರ ಇರಲಿ ಅಂತ. ಇದು ಬಸವಣ್ಣ, ಶಿವನ ಮುಂದ ಕುಂತಾನ."

"ಈ ಬಳಿ ತೊಟ್ಟ ಕೈ?"

ಅವನು ತಡವರಿಸಿದ. "ಗಂಡನ ಜೋಡಿ ಚಿತಿ ಏರಿದಾಕಿದು."

ಸಾರಿಕಾ ಕಲ್ಲಿನ ಮೇಲಿಟ್ಟ ಕೈಯನ್ನು ಥಟ್ಟನೆ ತೆಗೆದಳು. "ಆಕಿನ್ನ ಯಾರರೆ ಕೇಳಿದ್ರೇನ್ರಿ?"

"ಕಲ್ಲಾಗ ಅದನ್ನ ಕೆತ್ತಂಗಿಲ್ರಿ..."

ಮಾತು ಬದಲಿಸಲೆಂದು ಅವನು ಎರಡು ಜೊತೆ ಪಾದಗಳಿದ್ದ ಕಲ್ಲನ್ನು ತೋರಿಸಿದ. "ಇವರು ಗಂಡ ಹೆಂಡತಿ. ಬೆರಳ ಯಾವ ಕಡಿ ಅದಾವ ನೋಡಿ ಎಡಾ ಬಲಾ ತಿಳಕೋಬೇಕು. ಹೆಂಡತಿ ಯಾವಾಗಲೂ ಗಂಡನ ಎಡಕ್ಕ."

ಹೀಗೆ ಎಷ್ಟೋ ಭಾನುವಾರ ಕಳೆದವು. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ, ವಳಸಂಗದ ಬಸ್ಸು ಬರುವ ಹೊತ್ತಿಗೆ, ಅವನು ಧೈರ್ಯ ಮಾಡಿದ.

"ಸಾರಿಕಾ... ನನ್ನ ಲಗ್ನಾ ಆಗ್ತೀರೇನು?"

'ಹೂಂ' ಎಂದು ಎದೆ ಕೂಗಿತು! ಆದರೆ ಬಾಯಿಂದ ಬಂದ ಮಾತೇ ಬೇರೆ.

"ನನ್ನ ಜಾಗಾ ಎಂದೋ ಗೊತ್ತಾಗೇತ್ರಿ. ಅದರ ಮ್ಯಾಲ ನೀವ ನಿಂತಿದ್ರಿ..."

ಅವನ ಮುಖ ಬಾಡಿತು. "ನೀವ ಮನಸಾರೆ ಆರಿಸಿದ ಜಾಗಾ ಇದ್ರ, ನಾ ಇನ್ನ ಅಲ್ಲಿ ಕಾಲ ಇಡಂಗಿಲ್ಲ."

'ಆರಿಸಿದ್ದು ನಾನಲ್ಲ...' ಎಂದು ಹೇಳಬೇಕೆಂದುಕೊಂಡಳು. ಬಸ್ಸು ಬಂತು. ಅವಳು ಹತ್ತಿದಳು. ಆಮೇಲೆ ಅವನ ಫೋನೂ ಇಲ್ಲ, ಭಾನುವಾರವೂ ಇಲ್ಲ.

ಅಮಾವಾಸ್ಯೆ ಬಂತು. ಈ ಸಲ ಅತ್ತೆಯೂ ಜೊತೆಗೆ ಹೊಲಕ್ಕೆ ಬಂದಿದ್ದರು. ಸಾರಿಕಾ ನೀರು ಸುರಿದು ಪಾದ ತಿಕ್ಕಿದಳು. ಹೆಬ್ಬೆರಳು, ಕಿರುಬೆರಳು... ಕೈ ನಿಂತಿತು.

ಬೆರಳುಗಳು ಬೇವಿನ ಮರದ ಕಡೆಗಿವೆ. ಹಾಗಾದರೆ ಎಡ ಈ ಕಡೆ. ಇಲ್ಲಿ ಕಲ್ಲು ಮುಗಿದೇ ಹೋಗಿದೆ! ಖಾಲಿ ಜಾಗ ಇರುವುದು ಬಲಕ್ಕೆ...

"ಅತ್ತಿ," ಅವಳು ತಲೆ ಎತ್ತಿದಳು. "ಈ ಜಾಗಾ... ನಂದಲ್ಲೇನ್ರಿ?"

"ನಿಂದ್ಯಾಕ ಆದೀತ? ಅದು ನಂದು!" ದ್ರೌಪದಿಬಾಯಿ ಕಲ್ಲನ್ನು ಸವರಿದರು. "ನಿಮ್ಮ ಮಾವಾರು ತಮ್ಮವ್ವನ ಮಗ್ಗಲಿಗಿ ಕುಂದ್ರತೀನಿ ಅಂದಾರ. ನನ್ನ ಮಗಾ ಇಲ್ಲಿ ಒಬ್ಬನ ಕುಂತಾನಲ್ಲ? ಸಾಲಿಗಿ ಹೋಗುವಾಗ ನನ್ನ ಎಡಗೈ ಹಿಡಕೊಂಡ ನಡೀತಿದ್ದ. ಅದಕ್ಕ ನಾ ಅವನ ಬಲಕ್ಕ."

ಸಾರಿಕಾ ಅತ್ತೆಯ ಕೈ ಹಿಡಿದುಕೊಂಡಳು. ತಡೆದಿಟ್ಟಿದ್ದ ಅಳು ಒಮ್ಮೆಲೇ ಒಡೆಯಿತು.

ಅತ್ತೆಗೆ ಈಗ ಅರ್ಥವಾಯಿತು. "ಅಯ್ಯ ನನ್ನ ಕೂಸ! ಇಷ್ಟ ದಿನಾ ನಿಂದ ಅಂದಕೊಂಡ ತೊಳೀತಿದ್ದೇನ? ಜೀವಂತ ಇದ್ದ ಪೋರಿಗಿ ಕಲ್ಲ ಮಾಡಸೂ ಅತ್ತಿ ಅಂತ ತಿಳದಿ ನನ್ನ?"

"ನಾ ಕೇಳಲಿಲ್ರಿ ಅತ್ತಿ..."

"ನಿನಗ ಗೊತ್ತೈತಿ ಅಂತ ನಾನೂ ಹೇಳಲಿಲ್ಲ." ಸೆರಗಿನಿಂದ ಸೊಸೆಯ ಕಣ್ಣೊರೆಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ಆ ಫೋಟೋ ತಗಿಯೂ ಹುಡುಗನ್ನ ಬರಬ್ಯಾಡ ಅಂದೀ ಏನ?"

"ಅತ್ತಿ! ನಿಮಗ..."

"ಓಣ್ಯಾಗ ಸುದ್ದಿ ನಿಲ್ಲತದೇನ? ಭಾನುವಾರ ಬಂತಂದ್ರ ನಿನ್ನ ಮಾರಿ ಹೆಂಗಾಗ್ತದ, ನನಗ ಕಾಣಂಗಿಲ್ಲೇನ? ಫೋನ್ ಮಾಡ ಅವಗ. ಹೊತ್ತ ಮುಳಗೂದ್ರಾಗ ಬಾ ಅನ್ನು."

ಹೊತ್ತು ಮುಳುಗುವ ಮೊದಲೇ ಅಮೋಲನ ಗಾಡಿ ಹೊಲದ ದಾರಿಯಲ್ಲಿ ಧೂಳೆಬ್ಬಿಸುತ್ತ ಬಂತು. ಅವನು ಕಲ್ಲಿನಿಂದ ದೂರ, ಬದುವಿನ ಮೇಲೆಯೇ ನಿಂತ. ಸಾರಿಕಾ ನಡೆದದ್ದನ್ನೆಲ್ಲ ಹೇಳಿದಳು.

ಅವನು ಹಣೆ ಹಣೆ ಬಡಿದುಕೊಂಡ. "ಊರ ಕಲ್ಲೆಲ್ಲಾ ಓದಾಂವ, ಇದೊಂದ ಓದಲಿಲ್ಲ! ನೀವ 'ನಂದು' ಅಂದ ಮ್ಯಾಲ ಆ ಫೋಟೋ ತಗದ ನೋಡೂ ಧೈರ್ಯಾನ ಆಗಲಿಲ್ರಿ..."

"ನಾನೂ ಒಂದ ಮಾತ ನುಂಗಿದ್ದೆ."

"ಏನ?"

"ಅವತ್ತ ಬಸ್ ಸ್ಟ್ಯಾಂಡಿನ್ಯಾಗ... 'ಹೂಂ' ಅನ್ನೂದಿತ್ತು."

ಅಮೋಲನ ಕಣ್ಣು ತುಂಬಿ ಬಂತು. ಸಾರಿಕಾ ಬದು ಹತ್ತಿ, ಅವನನ್ನು ಸುತ್ತು ಹಾಕಿ, ಎಡಕ್ಕೆ ಬಂದು ನಿಂತಳು.

"ಹಿಂಗ ಅಲ್ಲೇನ್ರಿ?"

"ಹೂಂ... ಬರೋಬರ್ ಹಿಂಗ. ಆದ್ರ ಇಲ್ಲೇ ನಿಲ್ಲೂದ ಬ್ಯಾಡ್ರಿ."

"ಮತ್ತ?"

"ನಡೀರಿ..." ಅಮೋಲ ಬೇವಿನ ಮರದ ಕಡೆ ಕೈ ತೋರಿಸಿದ. "ಅತ್ತಿ ಕಾಯಾಕತ್ತಾರ."